ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ ಮೇಡಂ

ಪ್ರಶ್ನೆ: ಸರ್, ನಮ್ದು ಕುಂದಾಪುರ ಹತ್ರ ಮನೆ, ಕಟ್ಟಿ 17 ವರ್ಷ ಆಯ್ತು. ಗೀಸರ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಡಿಬಿ ಬಾಕ್ಸ್ (ಮನೆಯ ಮೇನ್ ಸ್ವಿಚ್‌ಗಳಿರೋ ಡಬ್ಬ) ನೋಡಿ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದ್ರೆ ಆಫ್ ಆಗೋ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಆಫ್ ಆಗೋ ಸ್ವಿಚ್) ಎಲ್ಲಾ ಹಳೇದಾಗಿದೆ, ಪೂರ್ತಿ ಚೇಂಜ್ ಮಾಡ್ಸಿ ಅಂದ್ರು. ಇವಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತಾ? ಕರೆಂಟ್ ಅಂತೂ ಸರಿಯಾಗೇ ಬರ್ತಿದೆ.

ಉತ್ತರ: ಮೇಡಂ, ಮಾತ್ರೆ ಸ್ಟ್ರಿಪ್ ಮೇಲೆ ಇರೋ ಹಾಗೆ ಇದಕ್ಕೆ ಇಂಥಾ ದಿನಕ್ಕೆ ಮುಗೀತು ಅಂತ ಇರಲ್ಲ, ವರ್ಷ ಆಯ್ತು ಅನ್ನೋ ಒಂದೇ ಕಾರಣಕ್ಕೆ ಎಲ್ಲಾ ಕಿತ್ತು ಹಾಕ್ಬೇಕಂತಿಲ್ಲ. ಆದ್ರೆ ಕರೆಂಟ್ ಬರ್ತಿದೆ, ಹಾಗಾಗಿ ಆರ್‌ಸಿಸಿಬಿ ಸರಿ ಇದೆ ಅಂತ ದಯವಿಟ್ಟು ಅಂದ್ಕೋಬೇಡಿ, ಅದು ಕೆಟ್ಟಿದ್ರೂ ಲೈಟು ಫ್ಯಾನು ಓಡ್ತಾನೇ ಇರುತ್ತೆ, ಶಾಕ್ ಹೊಡೆಯೋ ಹೊತ್ತಿಗೆ ಮಾತ್ರ ಆಫ್ ಆಗಲ್ಲ.

ಫೇಸಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಲ್ಲಿ ವಾಪಸ್ ಬಂತಾ ಅಂತ ನೋಡೋದೇ ಅದರ ಕೆಲಸ, ಮನೆಗೆ ಹಾಕೋ 30 ಮಿಲಿಆಂಪ್‌ದಾದ್ರೆ ಅಷ್ಟು ಸೋರಿದ್ರೆ 0.3 ಸೆಕೆಂಡ್ ಒಳಗೆ ಬೀಳ್ಬೇಕು, ಅಂದ್ರೆ ತಾನಾಗೇ ಆಫ್ ಆಗ್ಬೇಕು. ಒಳಗಿನ ಲಾಚ್ (ಲಿವರ್ ಹಿಡಿದಿರೋ ಕೊಕ್ಕೆ) ವರ್ಷಗಟ್ಲೆ ಅಲುಗಾಡದೆ ಕೂತ್ರೆ ಗ್ರೀಸ್ ಗಟ್ಟಿಯಾಗಿ ಹಿಡ್ಕೊಂಡ್ಬಿಡುತ್ತೆ, ನಿಮ್ಮ ಕಡೆ ಉಪ್ಪು ಗಾಳಿ, ಮಳೆಗಾಲದ ಥಂಡಿ ಬೇರೆ. ನಮ್ಮ ದೊಡ್ಡಮ್ಮನ ಮನೇಲಿ ನಾನೇ ಟೆಸ್ಟ್ ಬಟನ್ ಒತ್ತಿ ನೋಡ್ದೆ, ಮೂರು ಸಲ ಒತ್ತಿದ್ರೂ ಲಿವರ್ ಅಲ್ಲಾಡ್ಲಿಲ್ಲ, ಮುಚ್ಚಳ ತೆಗೆಸಿದ್ರೆ ಒಳಗೆ ಇರುವೆ ಗೂಡು, ಟರ್ಮಿನಲ್ ಮೇಲೆ ಹಸಿರು ಕಿಲುಬು. ಆ ಮನೇಲಿ ಚಿಕ್ಕ ಮಕ್ಕಳಿದ್ರು, ಇವತ್ತಿಗೂ ನೆನೆಸ್ಕೊಂಡ್ರೆ ಮೈ ಜುಮ್ಮನ್ನುತ್ತೆ.

ಅದಕ್ಕೆ ಇವತ್ತೇ ಕಂಪ್ಯೂಟರ್ ಗಿಂಪ್ಯೂಟರ್ ಆಫ್ ಮಾಡಿ, ಕರೆಂಟ್ ಇರೋವಾಗ ಆರ್‌ಸಿಸಿಬಿ ಮೇಲೆ ಟಿ ಅಂತ ಬರೆದಿರೋ ಬಟನ್ ಒತ್ತಿ. ಟಕ್ ಅಂತ ಬಿದ್ರೆ ಸದ್ಯಕ್ಕೆ ಮೆಕ್ಯಾನಿಸಂ ಓಕೆ, ಲಿವರ್ ಮೇಲೆತ್ತಿ, ಇನ್ಮೇಲೆ ಮೂರು ತಿಂಗಳಿಗೊಮ್ಮೆ ಒತ್ತಿ ನೋಡ್ತಿರಿ. ಬೀಳ್ಲಿಲ್ವಾ, ತಡ ಮಾಡ್ದೆ ಹೊಸದು ಹಾಕ್ಸಿ, ಅದನ್ನ ರಿಪೇರಿ ಮಾಡ್ಸಕ್ಕೆ ಹೋಗ್ಬೇಡಿ. ಬಟನ್‌ಗೆ ಬಿದ್ರೂ ಇಷ್ಟು ವರ್ಷ ಆಗಿರೋದ್ರಿಂದ ಒಮ್ಮೆ ಎಲೆಕ್ಟ್ರಿಷಿಯನ್ ಹತ್ರ ಆರ್‌ಸಿಸಿಬಿ ಟೆಸ್ಟರ್ (ಸ್ಕ್ರೂಡ್ರೈವರ್ ಥರದ್ದಲ್ಲ, ಅಳೆಯೋ ಮೀಟರ್) ಹಾಕಿಸಿ ಎಷ್ಟು ಮಿಲಿಆಂಪ್‌ಗೆ, ಎಷ್ಟು ಹೊತ್ತಲ್ಲಿ ಬೀಳುತ್ತೆ ಅಂತ ಅಳೆಸಿ ನೋಡಿ, ನಾನಾದ್ರೆ ಹಾಗೇ ಮಾಡ್ತಿದ್ದೆ.

ಎಂಸಿಬಿ ಕಥೆ ಬೇರೆ. ದೊಡ್ಡ ಶಾರ್ಟ್ ಸರ್ಕ್ಯೂಟ್ ತಡ್ಕೊಂಡಿದ್ರೆ, ಮುಟ್ಟಿದ್ರೆ ಸುಡ್ತಿದ್ರೆ, ಪ್ಲಾಸ್ಟಿಕ್ ಕಂದು ತಿರುಗಿದ್ರೆ, ಗುಂಯ್ ಅಂತಿದ್ರೆ ಅದೊಂದನ್ನ ಬದಲಾಯ್ಸಿ ಸಾಕು, ಆದ್ರೆ ಬಿಸಿಯಾಗೋದು ಎಷ್ಟೋ ಸಲ ವೈರ್ ಸ್ಕ್ರೂ ಸಡಿಲ ಆಗಿರೋದ್ರಿಂದ, ಮೊದಲು ಅದನ್ನ ಟೈಟ್ ಮಾಡ್ಸಿ. ಸಿಡಿಲಿಗೆ ಅಂತ ಸರ್ಜ್ ಪ್ರೊಟೆಕ್ಟರ್ ಹಾಕ್ಸಿದ್ರೆ ಅದು ಮಾತ್ರ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೀತಾ ಹೋಗುತ್ತೆ, ಅದರ ಮೇಲಿರೋ ಪುಟ್ಟ ಕಿಟಕಿ ಹಸಿರಿಂದ ಕೆಂಪಾಯ್ತು ಅಂದ್ರೆ ಮುಗೀತು.

ಇನ್ನೊಂದು, ಆ ಟೆಸ್ಟ್ ಬಟನ್ ಅರ್ಥಿಂಗ್ ಚೆಕ್ ಮಾಡಲ್ಲ, ಅರ್ಥ್ ವೈರೇ ಇಲ್ದಿದ್ರೂ ಬೀಳುತ್ತೆ. ಅರ್ಥ್ ಪಿಟ್‌ದು (ಅರ್ಥ್ ವೈರ್ ನೆಲಕ್ಕೆ ಸೇರೋ ಗುಂಡಿ) ರೆಸಿಸ್ಟೆನ್ಸನ್ನ ಏಪ್ರಿಲ್-ಮೇನಲ್ಲಿ ಮಣ್ಣು ಒಣಗಿರೋವಾಗ್ಲೇ ಅಳೆಸಿ, ಮಳೆಗಾಲದಲ್ಲಿ ಎಂಥಾ ಪಿಟ್ಟೂ ಚೆನ್ನಾಗೇ ಕಾಣುತ್ತೆ.