ಬೋನ್ ಮ್ಯಾರೋ ಟೆಸ್ಟ್ ಬೆನ್ನುಹುರಿಗೆ ಮಾಡುವುದಲ್ಲ

ಅಕ್ಕಾರೇ, ತಮ್ಮನಿಗೆ ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆ ಇವೆ, ಜಮಖಂಡಿಯ ಡಾಕ್ಟರು ಬೆಳಗಾವಿಗೆ ಹೋಗಿ ಬೋನ್ ಮ್ಯಾರೋ (ಎಲುಬಿನೊಳಗೆ ರಕ್ತದ ಕಣ ತಯಾರಾಗುವ ಮಜ್ಜೆ) ಟೆಸ್ಟ್ ಮಾಡಿಸಿ ಅಂದಿದ್ದಾರೆ, ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತವಾ ಅಂತ ಕೇಳಿದ್ದೀರಿ.

ಇಲ್ಲ. ಸೂಜಿ ಹಾಕುವುದು ಸೊಂಟದ ಹಿಂದಿನ ಎಲುಬಿಗೆ. ಬೆನ್ನುಹುರಿ ಆ ಜಾಗದಲ್ಲಿ ಇರುವುದೇ ಇಲ್ಲ. ಮೊದಲು ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಅಪ್ಪನಿಗೆ ಮಾಡಿಸಿದಾಗ, ಮಜ್ಜೆ ಎಳೆಯುವ ಒಂದು ಕ್ಷಣ ಮಾತ್ರ ಜೋರು ನೋವಾಯ್ತು ಅಂದರು. ಸಂಜೆ ಬಸ್ಸಿಗೇ ಊರಿಗೆ ಬಂದೆವು.

ಈಗಲೇ ಕ್ಯಾನ್ಸರ್ ಅಂದುಕೊಂಡು ಅಳಬೇಡಿ. ಬಿ12 ತೀರಾ ಕಡಿಮೆಯಾದರೂ ಮೂರೂ ಕಣ ಇಳಿಯುತ್ತವೆ. ಅಪ್ಪನಿಗೆ ಆಗಿದ್ದು ಅದೇ, ಇಂಜೆಕ್ಷನ್‌ನಿಂದ ಸರಿಹೋಯಿತು. ಮಜ್ಜೆಯೇ ಬತ್ತಿದ ಹಾಗಾಗುವ ಅಪ್ಲಾಸ್ಟಿಕ್ ಅನೀಮಿಯಾ ಕೂಡ ಕ್ಯಾನ್ಸರ್ ಅಲ್ಲ, ಆದರೆ ಗಂಭೀರ. ಅದಕ್ಕೆ ಎಟಿಜಿ, ಸೈಕ್ಲೋಸ್ಪೊರಿನ್ ಔಷಧ ಇವೆ, ಇಲ್ಲವೇ ಮಜ್ಜೆ ಕಸಿ. ಕಸಿಗೆ ಬೇರೆಯವರ ಮಜ್ಜೆ ರೋಗಿಗೆ ಹೊಂದಬೇಕು; ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಅದಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ರಕ್ತ ಬೇಕಾದರೆ ಪ್ರೀತಿಯಿಂದ ನಿಮ್ಮದನ್ನೇ ತಮ್ಮನಿಗೆ ಕೊಡಲು ಹೋಗಬೇಡಿ. ಮುಂದೆ ಕಸಿ ಬೇಕಾದರೆ ಅವನ ದೇಹ ನಿಮ್ಮ ಮಜ್ಜೆಯನ್ನು ಒಪ್ಪದಿರುವ ಅಪಾಯ ಜಾಸ್ತಿಯಾಗುತ್ತದೆ. ಬ್ಲಡ್ ಬ್ಯಾಂಕಿನ ಬೇರೆಯವರ ರಕ್ತ ಹಾಕಿಸಿ.

ಮೈಕೈ ನೋವಿಗೆ ಅಂತ ಸುಮ್ನೆ ಆಸ್ಪಿರಿನ್, ಬ್ರುಫೆನ್ ಕೊಡಬೇಡಿ, ರಕ್ತಸ್ರಾವ ಆಗಬಹುದು. ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.