ಮಳೆ ಹಿಡಿಯುವ ಮುನ್ನ ರಾಫ್ಟ್ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮ ಬಳಗದ ಗಾಳಿ ತುಂಬುವ ರಾಫ್ಟ್ ಕಳೆದ ಮಳೆಗಾಲ ಮುಗಿದಾಗಿನಿಂದ ಶೀಟು ಹೊದಿಸಿದ ಗೋದಾಮಿನಲ್ಲಿ, ಮಂಡಕ್ಕಿ ಚೀಲಗಳ ಪಕ್ಕದಲ್ಲಿ ಮಡಿಸಿಟ್ಟಂತೆಯೇ ಇದೆ. ಜುಲೈನಲ್ಲಿ ಅನುಭವಿ ಮಾರ್ಗದರ್ಶಕರ ಜೊತೆ ಮಲೆನಾಡಿನ ಭದ್ರೆಗೆ ಹೋಗುವ ಯೋಚನೆಯಿದೆ. ಅದನ್ನು ಯಾವಾಗ, ಹೇಗೆ ಸಿದ್ಧಪಡಿಸಬೇಕು? ಸಣ್ಣ ತೂತುಗಳಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಹಾಕಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ರಾಫ್ಟಿನ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ತೇಪೆಯ ಅಂಟಿನಲ್ಲಿರುವ ದ್ರಾವಕ ಆವಿಯಾಗುವಾಗ ಹಚ್ಚಿದ ಜಾಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರು ಕೂರುತ್ತದೆ. ಅಂತಹ ತೇಪೆ ಅಂಗಳದಲ್ಲಿ ಗಟ್ಟಿಯಾಗಿ ಕಂಡರೂ ನದಿಯಲ್ಲಿ ಬಂಡೆಗೆ ಉಜ್ಜಿದ ಕೂಡಲೇ ಅಂಚಿನಿಂದ ಏಳುತ್ತದೆ. ಈ ಒಂದು ವಿಷಯದಲ್ಲಿ ಮಲೆನಾಡಿಗಿಂತ ನಮ್ಮ ಬಯಲುಸೀಮೆಯ ಒಣ ಬೇಸಿಗೆಯೇ ಅನುಕೂಲ. ಆದರೆ ಅದೇ ಬೇಸಿಗೆಯಲ್ಲಿ ಶೀಟಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ರಾಫ್ಟಿನ ಜೋಡಣೆಗಳ ಅಂಟು ಸಡಿಲಗೊಂಡಿರಬಹುದು, ಮಡಿಕೆಯ ಗೆರೆಗಳಲ್ಲಿ ಬಟ್ಟೆ ಸೀಳಲು ತೊಡಗಿರಬಹುದು. ಮಂಡಕ್ಕಿ ಇದ್ದಲ್ಲಿ ಇಲಿ ಇರುವುದನ್ನು ಬೇರೆ ಹೇಳಬೇಕಿಲ್ಲ. ಆದ್ದರಿಂದ ಮೊದಲು ರಾಫ್ಟನ್ನು ನೆರಳಿನಲ್ಲಿ, ಕಲ್ಲಿಲ್ಲದ ನೆಲದ ಮೇಲೆ ಹರಡಿ, ಸೌಮ್ಯವಾದ ಸೋಪಿನ ನೀರಿನಿಂದ ತೊಳೆದು, ಮಡಿಕೆಗಳನ್ನೂ ಮೂಲೆಗಳನ್ನೂ ಕೈಯಿಂದ ಸವರಿ ನೋಡಿ.

ರಾಫ್ಟಿನೊಳಗೆ ಗಾಳಿ ನಿಲ್ಲುವ ಜಾಗ ಬೇರೆ ಬೇರೆ ಕೋಣೆಗಳಾಗಿರುತ್ತದೆ. ಗಾಳಿ ತುಂಬುವಾಗ ಒಂದು ಕೋಣೆಯನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಮುಂದಿನದಕ್ಕೆ ಹೋಗಬೇಡಿ. ಕೋಣೆಗಳ ನಡುವಿನ ಗೋಡೆಯ ಮೇಲೆ ಒಂದೇ ಕಡೆಯ ಒತ್ತಡ ಬಿದ್ದು ಅದು ಹರಿದರೆ ಹೊರಗಿನಿಂದ ದುರಸ್ತಿ ಮಾಡುವುದು ಬಹಳ ಕಷ್ಟ. ಎಲ್ಲ ಕೋಣೆಗಳಿಗೂ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ ತುಂಬಬೇಕು. ಸಾಮಾನ್ಯವಾಗಿ ಇಂತಹ ರಾಫ್ಟಿನ ಹೊರ ಕೊಳವೆಗಳಿಗೆ ಬೇಕಾಗುವುದು ಸುಮಾರು 2.5 ಪಿಎಸ್‌ಐ ಮಾತ್ರ; ನಿಮ್ಮ ರಾಫ್ಟಿನ ಮೇಲೆಯೇ ಅಂಕಿ ಮುದ್ರಿತವಾಗಿದ್ದರೆ ಅದನ್ನೇ ಪಾಲಿಸಿ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ತುಂಬುವ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ರಾಫ್ಟನ್ನು ಒಯ್ಯಲೇಬಾರದು. ಕೈಪಂಪು ಮತ್ತು ಕಡಿಮೆ ಒತ್ತಡವನ್ನು ಅಳೆಯುವ ಗೇಜ್ ಇವೆರಡಿದ್ದರೆ ಸಾಕು.

ತುಂಬಿದ ರಾಫ್ಟನ್ನು ಒಂದು ದಿನ ಹಾಗೆಯೇ ಬಿಟ್ಟು ಮತ್ತೆ ಅಳೆಯಬೇಕು. ಇಲ್ಲಿ ಅನೇಕರು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿ ಬೆಳಗಿನ ಜಾವ ಅಳೆದರೆ, ಎಲ್ಲಿಯೂ ತೂತಿಲ್ಲದಿದ್ದರೂ ಒತ್ತಡ ಇಳಿದಿರುತ್ತದೆ, ಏಕೆಂದರೆ ಗಾಳಿಯ ಉಷ್ಣತೆ 10 ಡಿಗ್ರಿ ಇಳಿದರೆ ಸುಮಾರು ಅರ್ಧ ಪಿಎಸ್‌ಐ ಕಡಿಮೆಯಾಗುತ್ತದೆ. ಸಂಜೆ ತುಂಬಿದ್ದರೆ ಮರುದಿನ ಅದೇ ಹೊತ್ತಿಗೆ ಅಳೆಯಿರಿ. ಆಗಲೂ ಒಂದು ಕೋಣೆ ಮಾತ್ರ ಉಳಿದವಕ್ಕಿಂತ ಮೆತ್ತಗಿದ್ದರೆ ಅಲ್ಲಿ ಸೋರಿಕೆಯಿದೆ ಎಂದರ್ಥ. ಸೋಪಿನ ನೊರೆಯನ್ನು ಮೊದಲು ವಾಲ್ವಿನ ಸುತ್ತ ಹಚ್ಚಿ. ಎಷ್ಟೋ ಸಲ ಅಲ್ಲಿ ಕೂತ ಮರಳಿನ ಕಾಳೇ ಕಾರಣವಾಗಿರುತ್ತದೆ, ತೇಪೆಯ ಅಗತ್ಯವೇ ಬೀಳುವುದಿಲ್ಲ.

ತೇಪೆ ಬೇಕೇ ಬೇಕಾದರೆ ನಿಮ್ಮ ರಾಫ್ಟ್ ಪಿವಿಸಿಯದೋ ಹೈಪಲಾನ್ ಜಾತಿಯ ರಬ್ಬರಿನದೋ ಎಂಬುದನ್ನು ತಯಾರಕರ ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಇವೆರಡರ ಅಂಟು ಬೇರೆ, ಒರೆಸುವ ದ್ರಾವಕವೂ ಬೇರೆ. ಸೈಕಲ್ ಟ್ಯೂಬಿನ ಸೊಲ್ಯೂಷನ್ ಎರಡಕ್ಕೂ ಸಲ್ಲದು. ಗಾಳಿ ತೆಗೆದು, ಹರಿದ ಜಾಗಕ್ಕಿಂತ ಎಲ್ಲ ಕಡೆ ಸುಮಾರು ಎರಡು ಇಂಚು ದೊಡ್ಡದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ ತೇಪೆಯನ್ನು ಬಳಸಿ. ರಬ್ಬರಿನ ರಾಫ್ಟಾದರೆ ಎರಡೂ ಮೈಗಳನ್ನು ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಅಂಟನ್ನು ತೆಳ್ಳಗೆ ಒಂದರ ಮೇಲೊಂದು ಲೇಪವಾಗಿ, ನಡುನಡುವೆ ಒಣಗಲು ಬಿಟ್ಟು ಹಚ್ಚಬೇಕು. ಕೂಡಿಸಿದ ಮೇಲೆ ಕನಿಷ್ಠ 24 ಗಂಟೆ ಗಾಳಿ ತುಂಬಬಾರದು. ಈ ದ್ರಾವಕಗಳ ಹೊಗೆ ತಲೆಗೇರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಆದ್ದರಿಂದ ಕೆಲಸ ಬಯಲಿನಲ್ಲಿರಲಿ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಸವರುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಪ್ರಶ್ನೆ: ಹಳೆಯ ಲೈಫ್ ಜಾಕೆಟ್‌ಗಳ ಬಣ್ಣ ಮಾಸಿದೆ, ಆದರೆ ಎಲ್ಲಿಯೂ ಹರಿದಿಲ್ಲ. ಇನ್ನೊಂದು ವರ್ಷ ಬಳಸಬಹುದೇ? ನದಿಗೆ ಹೋಗುವ ಮೊದಲು ಎಲ್ಲವನ್ನೂ ಭದ್ರಾ ನಾಲೆಯಲ್ಲಿ ಪರೀಕ್ಷಿಸಿದರೆ ಹೇಗೆ?
— ಓದುಗರು, ಚಿತ್ರದುರ್ಗ

ಉತ್ತರ: ಮಾಸಿದ ಬಣ್ಣವೆಂದರೆ ಬಿಸಿಲು ನೂಲನ್ನು ತಿಂದಿದೆ ಎಂಬ ಸೂಚನೆ. ಹೊಲಿಗೆಗಳನ್ನೂ ಪಟ್ಟಿಗಳನ್ನೂ ಬಲವಾಗಿ ಎಳೆದು ನೋಡಿ, ಬಕಲ್‌ಗಳು ಬಿರುಕು ಬಿಟ್ಟಿವೆಯೇ ಎಂದು ನೋಡಿ, ಒಳಗಿನ ಫೋಮನ್ನು ಹಿಸುಕಿ ಬಿಡಿ. ಅದು ಗಟ್ಟಿಯಾಗಿದ್ದರೆ, ಚೂರುಚೂರಾಗಿದ್ದರೆ ಅಥವಾ ಒತ್ತಿದ ಗುಳಿ ಹಾಗೆಯೇ ಉಳಿದರೆ ಆ ಜಾಕೆಟ್ ಬೇಡ. ತೊಟ್ಟು ಪಟ್ಟಿ ಬಿಗಿದುಕೊಂಡ ಮೇಲೆ ಇನ್ನೊಬ್ಬರು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ ಜಾರಿ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ನೊರೆ ತುಂಬಿದ ನೀರಿನಲ್ಲಿ ಗಾಳಿಯೇ ಹೆಚ್ಚಿರುವುದರಿಂದ ಮನುಷ್ಯ ಕೆರೆಯಲ್ಲಿ ತೇಲುವಷ್ಟು ಅಲ್ಲಿ ತೇಲುವುದಿಲ್ಲ; ದೋಣಿವಿಹಾರದ ಅಗ್ಗದ ಜಾಕೆಟ್ ರಾಫ್ಟಿಂಗಿಗೆ ಸಾಲದು. ಬಳಗದಲ್ಲಿ ಹಣ ಕಡಿಮೆಯಿದ್ದರೆ ಹೊಸ ಪ್ಯಾಡಲ್ ಮುಂದಕ್ಕೆ ಹೋಗಲಿ, ಜಾಕೆಟ್ ಮೊದಲು ಬರಲಿ.

ನಾಲೆಯ ವಿಚಾರ ಬಿಟ್ಟುಬಿಡಿ. ಕಾಂಕ್ರೀಟು ಹಾಕಿದ ಇಳಿಜಾರು ದಂಡೆ ಪಾಚಿಯಿಂದ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಲಾಗದು, ಮುಂದೆ ತೂಬು, ಗೇಟು, ನೆಲದಡಿಯ ಕಾಲುವೆ ಏನಿದೆಯೋ ನೀರಿನ ಮೇಲಿಂದ ಕಾಣುವುದಿಲ್ಲ. ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ ಮೇಲೆ ನಯವಾಗಿ ಕಂಡರೂ ಸೆಳೆತ ಜೋರಾಗಿರುತ್ತದೆ. ನಿಂತ ನೀರೇ ಸರಿ. ನಿಮ್ಮ ಜಿಲ್ಲೆಯಲ್ಲಿ ವೇದಾವತಿಗೆ ಕಟ್ಟಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವಿದೆ. ಸಂಬಂಧಪಟ್ಟ ಇಲಾಖೆಯ ಅನುಮತಿ ದೊರೆತರೆ, ಅಣೆಕಟ್ಟಿನಿಂದ ದೂರದ, ಆಳವಿಲ್ಲದ ದಡವನ್ನು ಆರಿಸಿಕೊಳ್ಳಿ. ಅಲ್ಲಿ ರಾಫ್ಟನ್ನು ಬೇಕೆಂದೇ ಮಗುಚಿ ಮತ್ತೆ ನೆಟ್ಟಗೆ ಮಾಡುವುದು, ನೀರಿಗೆ ಬಿದ್ದವರನ್ನು ಭುಜದ ಪಟ್ಟಿ ಹಿಡಿದು ಒಳಗೆ ಎಳೆದುಕೊಳ್ಳುವುದು, ಥ್ರೋ ಬ್ಯಾಗ್ (ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ) ಎಸೆಯುವುದು ಈ ಮೂರನ್ನೂ ಪ್ರತಿಯೊಬ್ಬರೂ ಮಾಡಿ ನೋಡಬೇಕು. ಥ್ರೋ ಬ್ಯಾಗಿನ ಹಗ್ಗವನ್ನು ಪೂರ್ತಿ ಹೊರಗೆಳೆದು, ಮರಳು ಹೋಗುವಂತೆ ತೊಳೆದು, ಒಣಗಿಸಿ, ಸುರುಳಿ ಸುತ್ತದೆ ಸ್ವಲ್ಪ ಸ್ವಲ್ಪವಾಗಿ ಚೀಲದೊಳಗೆ ತುರುಕಿ. ಸುತ್ತಿಟ್ಟ ಹಗ್ಗ ಎಸೆದಾಗ ಸಿಕ್ಕುಬೀಳುತ್ತದೆ. ಅದು ನೀರಿನ ಮೇಲೆ ತೇಲುವ ಹಗ್ಗವೇ ಆಗಿರಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ನೈಲಾನ್ ಹಗ್ಗ ಮುಳುಗುತ್ತದೆ.

ಪ್ರಶ್ನೆ: ಬೈಕಿನ ಹೆಲ್ಮೆಟ್ ರಾಫ್ಟಿಂಗಿಗೆ ನಡೆಯುತ್ತದೆಯೇ?
— ಓದುಗರು, ಚಳ್ಳಕೆರೆ

ಉತ್ತರ: ನಡೆಯುವುದಿಲ್ಲ. ಅದರೊಳಗೆ ನೀರು ತುಂಬಿ ಕುತ್ತಿಗೆಗೆ ಭಾರವಾಗುತ್ತದೆ, ಕಿವಿ ಮುಚ್ಚಿರುವುದರಿಂದ ಮಾರ್ಗದರ್ಶಕರ ಕೂಗೂ ಸರಿಯಾಗಿ ಕೇಳಿಸುವುದಿಲ್ಲ. ನೀರು ಬಸಿಯಲು ರಂಧ್ರಗಳಿರುವ, ಇಎನ್ 1385 (ಬಿರುಸು ನೀರಿನ ಆಟಗಳ ಹೆಲ್ಮೆಟ್‌ಗೆ ಯುರೋಪಿನ ಮಾನದಂಡ) ಎಂಬ ಗುರುತಿರುವ ಹೆಲ್ಮೆಟ್ ಕೊಳ್ಳಿ. ಬಾಡಿಗೆಗೆ ಪಡೆಯುವುದಾದರೆ ಗದ್ದದ ಪಟ್ಟಿ ಬಿಗಿದ ಮೇಲೆ ಹಣೆಯಿಂದ ಹಿಂದಕ್ಕೆ ತಳ್ಳಿ ನೋಡಿ, ಸರಿದರೆ ಬೇರೆಯದನ್ನು ಕೇಳಿ.