ಒತ್ತಿಕೊಂಡಿರುವ ಎರಡು ಬ್ಲಾಕ್: ನಡುವಿನ ಬಲ 10 ನ್ಯೂಟನ್ ಯಾಕಲ್ಲ?

ನಿಮ್ಮ ಪ್ರಶ್ನೆ ಇದು: ನುಣುಪು ನೆಲದ ಮೇಲೆ 3 ಕೆಜಿ ಮತ್ತು 2 ಕೆಜಿಯ ಎರಡು ಬ್ಲಾಕ್ ಒಂದಕ್ಕೊಂದು ಒತ್ತಿಕೊಂಡಿವೆ, 10 ನ್ಯೂಟನ್ ಬಲದಿಂದ ತಳ್ಳಿದರೆ ಅವು ಒಂದನ್ನೊಂದು ಎಷ್ಟು ಬಲದಿಂದ ಒತ್ತುತ್ತವೆ? ನೀವು ತಳ್ಳಿದ 10 ನ್ಯೂಟನ್ ಬಲವನ್ನು ಹಾಗೇ ಎರಡನೇ ಬ್ಲಾಕಿಗೂ ದಾಟಿಸಿದ್ದೀರಿ ಅನಿಸುತ್ತದೆ. ಅದಕ್ಕೇ ನಡುವಿನ ಬಲ 10 ಅಂತ ಬಂದಿದೆ. ಕೈ ಮುಟ್ಟಿರುವುದು 3 ಕೆಜಿ ಬ್ಲಾಕನ್ನು ಮಾತ್ರ. 2 ಕೆಜಿ ಬ್ಲಾಕಿಗೆ ನಿಮ್ಮ ಕೈ ಗೊತ್ತೇ ಇಲ್ಲ, ಪಕ್ಕದ ಬ್ಲಾಕ್ ಅಷ್ಟೇ ಗೊತ್ತು.

ಮೊದಲು ಎರಡನ್ನೂ ಸೇರಿಸಿ ಒಂದೇ ಅಂದುಕೊಳ್ಳಿ. ನೆಲ ನುಣುಪು (ಘರ್ಷಣೆ ಇಲ್ಲ), ಬಲ 10 ನ್ಯೂಟನ್, ಒಟ್ಟು 5 ಕೆಜಿ. ವೇಗೋತ್ಕರ್ಷ (ವೇಗ ಹೆಚ್ಚುವ ದರ) ಅಂದರೆ ಬಲ ÷ ದ್ರವ್ಯರಾಶಿ: 10 ÷ 5 = 2 ಮೀ/ಸೆ². ಆಮೇಲೆ 2 ಕೆಜಿ ಬ್ಲಾಕನ್ನು ಬೇರೆಯಾಗಿ ಬರೆಯಿರಿ. ಅಡ್ಡಕ್ಕೆ ಅದರ ಮೇಲಿರುವುದು ಒಂದೇ ಬಲ, 3 ಕೆಜಿ ಬ್ಲಾಕ್ ತಳ್ಳುವ ಬಲ: 2 × 2 = 4 ನ್ಯೂಟನ್. ಅಷ್ಟೇ ಬಲದಿಂದ ಅದು 3 ಕೆಜಿ ಬ್ಲಾಕನ್ನು ಹಿಂದಕ್ಕೆ ತಳ್ಳುತ್ತದೆ. 10 − 4 = 6, 6 ÷ 3 = 2. ತಾಳೆ ಆಯ್ತು.

ಬ್ಲಾಕುಗಳು ಒಂದನ್ನೊಂದು ತಳ್ಳುವ ಈ ಬಲಗಳ ಬಗ್ಗೆ ‘ಎರಡೂ ಸಮ, ಎದುರುಬದುರು, ರದ್ದಾಗಲ್ವಾ?’ ಅಂದಿದ್ದೀರಿ. ಆಗುವುದಿಲ್ಲ. ರದ್ದಾಗಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲಿರಬೇಕು. ಇಲ್ಲಿ ಒಂದು ಬಲ ಈ ಬ್ಲಾಕಿನ ಮೇಲೆ, ಇನ್ನೊಂದು ಆ ಬ್ಲಾಕಿನ ಮೇಲೆ. (ಎರಡೂ ಬಾಣಗಳನ್ನು ಒಂದೇ ಚಿತ್ರದಲ್ಲಿ ತುರುಕಿದರೆ ಸುಮ್ನೆ ಗೊಂದಲ.)

3 ಕೆಜಿ ಕಡೆಯಿಂದ ತಳ್ಳುತ್ತಿದ್ದಾರೆ ಅಂದುಕೊಂಡಿದ್ದೇನೆ, ಪ್ರಶ್ನೆಯಲ್ಲಿ ಅದು ಸ್ಪಷ್ಟವಿಲ್ಲ. 2 ಕೆಜಿ ಕಡೆಯಿಂದಾದರೆ ನಡುವಿನ ಬಲ 6 ನ್ಯೂಟನ್.